ದನಿಯೇ ಬಂಡವಾಳ: ಅಪರ್ಣಾ ನಡೆದ ದಾರಿ

ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರ ಒಂದು ಕಾಲಕ್ಕೆ ರಾಗಿ ಹೊಲ, ಕೆರೆ, ತೋಪುಗಳ ಊರು. ಆಮೇಲೆ ಕಾರ್ಖಾನೆಗಳು ಬಂದವು. ಅವುಗಳ ಬೆನ್ನಿಗೆ ಗಾಜಿನ ಗೋಡೆಯ ಕಂಪ್ಯೂಟರ್ ಕಂಪನಿಗಳು ಬಂದವು. ಈಗ ಇಲ್ಲಿಯ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಮಲಯಾಳ, ಹಿಂದಿ, ಬಂಗಾಳಿ ಎಲ್ಲವೂ ಕಿವಿಗೆ ಬೀಳುತ್ತವೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ 13.71 ಕಿ.ಮೀ. ಮೆಟ್ರೊ ಮಾರ್ಗ ಉದ್ಘಾಟನೆಯಾಯಿತು. ಅದೇ ವರ್ಷದ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಕೊಂಡಿಯೂ ಕೂಡಿಕೊಂಡಿತು. ಅಲ್ಲಿಗೆ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟವಾಯಿತು.

ಈ ದಾರಿಯ ನಿಲ್ದಾಣಗಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಸಿಂಗಯ್ಯನಪಾಳ್ಯ, ಗರುಡಾಚಾರ್ ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಊರು ಅಳಿದು ಬಡಾವಣೆಯಾದ ಮೇಲೂ ಹೆಸರಿನಲ್ಲಿ ಪಾಳ್ಯ ಉಳಿದಿದೆ, ಹಳ್ಳಿ ಉಳಿದಿದೆ, ಅಗ್ರಹಾರ ಉಳಿದಿದೆ. ಹೊರಗಿನಿಂದ ಕೆಲಸಕ್ಕೆಂದು ಬಂದ ಹುಡುಗನಿಗೆ 'ಪಾಳ್ಯ' ಎನ್ನುವಾಗ ನಾಲಗೆ ಎಲ್ಲಿ ಮಡಿಚಬೇಕು ಎಂದು ಹೇಳಿಕೊಡುವವರು ಯಾರು? ಅವನ ಕಚೇರಿಯಲ್ಲಿ ಯಾರೂ ಇಲ್ಲದಿರಬಹುದು. ಆದರೆ ಮೆಟ್ರೊ ಹತ್ತಿದ ಬೆಂಗಳೂರಿಗರಿಗೆಲ್ಲ 'ಮುಂದಿನ ನಿಲ್ದಾಣ' ಎಂಬ ಎರಡು ಶಬ್ದಗಳನ್ನು ಆತುರವಿಲ್ಲದೆ, ಅಕ್ಷರ ನುಂಗದೆ ಹೇಳುವ ಹೆಣ್ಣುದನಿಯೊಂದು ವರ್ಷಗಟ್ಟಲೆ ಪರಿಚಿತವಾಗಿತ್ತು. ಆ ದನಿ ಅಪರ್ಣಾ ಅವರದು.

ದಿನವೂ ಕೇಳುತ್ತಿದ್ದ ಎಷ್ಟೋ ಮಂದಿಗೆ ಅದು ಯಾರ ದನಿ ಎಂದು ತಿಳಿದದ್ದು 2024ರ ಜುಲೈ 11ರಂದು ಅವರು ತೀರಿಕೊಂಡ ಸುದ್ದಿ ಬಂದಾಗ. ಆಗ ಅವರಿಗೆ 57 ವರ್ಷ. ಕನ್ನಡದ ಹಿರಿಯರಿಗೆ ಅವರು ದೂರದರ್ಶನದ ನಿರೂಪಕಿ. ಮಧ್ಯವಯಸ್ಸಿನವರಿಗೆ ಧಾರಾವಾಹಿಯ ನಟಿ. ಮಕ್ಕಳಿಗೆ 'ಮಜಾ ಟಾಕೀಸ್'ನ ವರಲಕ್ಷ್ಮಿ. ಈ ಮೂವರೂ ಒಬ್ಬರೇ ಎಂಬುದು ಹಲವರಿಗೆ ಹೊಳೆದೇ ಇರಲಿಲ್ಲ. ಕಲಾವಿದೆಯೊಬ್ಬಳ ವೃತ್ತಿಜೀವನ ಹೇಗೆ ತಿರುವು ಪಡೆಯುತ್ತಾ ಬೆಳೆಯುತ್ತದೆ, ಯಾವುದು ಕೈಬಿಡುತ್ತದೆ, ಯಾವುದು ಕೈಹಿಡಿಯುತ್ತದೆ ಎಂದು ತಿಳಿಯಬಯಸುವ ವಿದ್ಯಾರ್ಥಿಗಳಿಗೆ, ಮಗಳು ನಟಿಯಾಗುತ್ತೇನೆ ಎಂದಾಗ ಏನು ಹೇಳಬೇಕೋ ತೋಚದ ತಂದೆತಾಯಿಗಳಿಗೆ, ಅವರ ದಾರಿ ನೋಡತಕ್ಕದ್ದು.

ಪುಟ್ಟಣ್ಣನವರ ಕೊನೆಯ ಚಿತ್ರದಿಂದ

ಅಪರ್ಣಾ ಬೆಳ್ಳಿತೆರೆಗೆ ಬಂದದ್ದು 'ಮಸಣದ ಹೂವು' ಚಿತ್ರದಿಂದ. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ, ಅಂಬರೀಷ್ ಮತ್ತು ಜಯಂತಿ ನಟಿಸಿದ ಈ ಚಿತ್ರ ಪುಟ್ಟಣ್ಣ ಕಣಗಾಲರ ಕೊನೆಯ ಕೃತಿ. ಪುಟ್ಟಣ್ಣ 1985ರ ಜೂನ್‌ನಲ್ಲಿ ತೀರಿಕೊಂಡರು. ಕಲ್ಪನಾ, ಆರತಿ ಅವರಂಥ ನಟಿಯರ ಪ್ರತಿಭೆಯನ್ನು ಒರೆಗೆ ಹಚ್ಚಿದ ನಿರ್ದೇಶಕರ ಕೈಯಲ್ಲಿ ಮೊದಲ ಪಾಠ ಕಲಿಯುವುದೆಂದರೆ ಯಾವ ಹೊಸಬಳಿಗೂ ದೊಡ್ಡ ಅದೃಷ್ಟವೇ.

ಆದರೆ ಅಂಥ ಆರಂಭವೂ ಮುಂದಿನ ದಾರಿಗೆ ಭರವಸೆಯಲ್ಲ. ಮುಂದಿನ ವರ್ಷಗಳಲ್ಲಿ ಅಪರ್ಣಾ ಹಲವು ಚಿತ್ರಗಳಲ್ಲಿ ನಟಿಸಿದರು. ಶಿವರಾಜ್‌ಕುಮಾರ್ ಅಭಿನಯದ 'ಇನ್‌ಸ್ಪೆಕ್ಟರ್ ವಿಕ್ರಮ್' ಅವುಗಳಲ್ಲೊಂದು. ಆದರೂ ಮೊದಲ ಸಾಲಿನ ನಾಯಕಿಯ ಪಟ್ಟ ಅವರಿಗೆ ದೊರೆಯಲಿಲ್ಲ. ಸಿನಿಮಾ ಎಂಬುದು ಅನೇಕರನ್ನು ಒಳಗೆ ಕರೆದು ಕೆಲವರನ್ನಷ್ಟೇ ಕೂರಿಸುವ ಮನೆ. ಎಷ್ಟೋ ಪ್ರತಿಭಾವಂತೆಯರು ಇಂಥ ಹಂತದಲ್ಲಿ ಸದ್ದಿಲ್ಲದೆ ಹಿಂದೆ ಸರಿದಿದ್ದಾರೆ. ಅಪರ್ಣಾ ಹಿಂದೆ ಸರಿಯಲಿಲ್ಲ, ಪಕ್ಕಕ್ಕೆ ಸರಿದರು. ಪಕ್ಕದಲ್ಲಿ ರೇಡಿಯೊ ಇತ್ತು, ದೂರದರ್ಶನವಿತ್ತು. ಅಲ್ಲಿ ಬೇಕಾಗಿದ್ದುದು ಮುಖಕ್ಕಿಂತ ಹೆಚ್ಚಾಗಿ ಮಾತು.

ದೂರದರ್ಶನದ ದಿನಗಳು

ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 'ಸಿಹಿಕಹಿ', 'ಗುಡ್ಡದ ಭೂತ'ದಂಥ ಧಾರಾವಾಹಿಗಳ ಕಾಲದಲ್ಲಿ ಕನ್ನಡದ ಮನೆಗಳಿಗೆ ಕನ್ನಡದ ವಾಹಿನಿ ಎಂದು ಇದ್ದದ್ದು ಅದೊಂದೇ. 1994ರಲ್ಲಿ ಉದಯ ಟಿವಿ ಬರುವವರೆಗೂ ಹೀಗೆಯೇ. ಇಡೀ ರಾಜ್ಯ ಒಂದೇ ಪರದೆಯ ಮುಂದೆ ಕೂತಿರುತ್ತಿದ್ದ ಆ ಕಾಲದಲ್ಲಿ ನಿರೂಪಕಿ ಎಂದರೆ ನೆಂಟರ ಮನೆಯ ಹಿರಿಮಗಳಷ್ಟು ಪರಿಚಿತಳು. ಒಂದು ಉಚ್ಚಾರ ತಪ್ಪಿದರೆ ಶಾಲಾ ಮೇಷ್ಟರುಗಳು ಕೇಂದ್ರಕ್ಕೆ ಕಾರ್ಡು ಬರೆದು ತಿದ್ದುತ್ತಿದ್ದ ದಿನಗಳವು.

1990ರ ದಶಕದಿಂದ ಮುಂದೆ, ಈಗ 'ಚಂದನ' ಎಂದು ಕರೆಸಿಕೊಳ್ಳುವ ಆ ವಾಹಿನಿಯ ಅನೇಕ ಕಾರ್ಯಕ್ರಮಗಳನ್ನು ಅಪರ್ಣಾ ನಡೆಸಿಕೊಟ್ಟರು. ಆಕಾಶವಾಣಿಯಲ್ಲೂ ಕೆಲಸ ಮಾಡಿದರು. 1998ರ ದೀಪಾವಳಿಯ ಕಾರ್ಯಕ್ರಮಗಳನ್ನು ಸತತ ಎಂಟು ಗಂಟೆಗಳ ಕಾಲ ನಿರೂಪಿಸಿದ್ದು ಅವರ ಹೆಸರಿನೊಂದಿಗೆ ಸೇರಿಹೋದ ದಾಖಲೆ. ಸರ್ಕಾರದ ಸಮಾರಂಭಗಳು, ಸಾಂಸ್ಕೃತಿಕ ಸಂಜೆಗಳು ಎಂದರೆ ವೇದಿಕೆಯ ಅಂಚಿನ ಮೈಕಿನ ಮುಂದೆ ಅಪರ್ಣಾ ನಿಂತಿರುವುದು ರೂಢಿಯೇ ಆಯಿತು.

ಎಂಟು ಗಂಟೆ ಎಂದರೆ ಸುಲಭವಾಗಿ ಕೇಳಿಸುತ್ತದೆ. ಅದರ ಕಷ್ಟವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಟಿಗೆ ಬರೆದ ಮಾತು ಇರುತ್ತದೆ. ತಪ್ಪಿದರೆ ಮತ್ತೆ ಚಿತ್ರೀಕರಿಸಬಹುದು. ನೇರ ಕಾರ್ಯಕ್ರಮದ ನಿರೂಪಕಿಗೆ ಆ ಅನುಕೂಲವಿಲ್ಲ. ಬರಬೇಕಾದ ಅತಿಥಿ ತಡವಾಗುತ್ತಾರೆ, ತಂಬೂರಿಯ ಶ್ರುತಿ ಹತ್ತುವುದಿಲ್ಲ, ಮುಂದಿನ ದೃಶ್ಯದ ಟೇಪು ಸಿದ್ಧವಾಗಿರುವುದಿಲ್ಲ. ಎರಡು ನಿಮಿಷವೋ ಐದು ನಿಮಿಷವೋ ಮಾತಿನಿಂದಲೇ ತುಂಬಬೇಕು. ಅದೂ ತುಂಬಿಸುತ್ತಿದ್ದಾರೆ ಎಂದು ನೋಡುವವರಿಗೆ ಅನ್ನಿಸದ ಹಾಗೆ. ಇದಕ್ಕೆ ಓದು ಬೇಕು. ಯಾವ ಕವಿ ಏನು ಬರೆದರು, ಯಾವ ಜಿಲ್ಲೆಯ ಯಾವ ಕಲೆ ಎಂಥದ್ದು, ಅತಿಥಿಯ ಊರು ಯಾವುದು ಎಂಬುದೆಲ್ಲ ತಲೆಯಲ್ಲಿರಬೇಕು. ಉಸಿರಿನ ಲೆಕ್ಕ ಬೇಕು. ಏಳನೇ ಗಂಟೆಯ ವಾಕ್ಯಕ್ಕೂ ಮೊದಲ ಗಂಟೆಯ ವಾಕ್ಯದ ತಾಜಾತನ ಇರಬೇಕು. ಇಂಗ್ಲಿಷ್ ಬೆರೆಸದೆ, ಹಾಗೆಂದು ಗ್ರಂಥದ ಭಾಷೆಯನ್ನೂ ಹೇರದೆ, ಸಭೆಯಲ್ಲಿ ಸಲ್ಲುವ ತಿಳಿಗನ್ನಡದಲ್ಲಿ ಮಾತಾಡುವವರು ಎಂಬ ಹೆಸರು ಅಪರ್ಣಾ ಅವರಿಗೆ ಬಂದದ್ದು ಇಂಥ ದುಡಿಮೆಯಿಂದ.

ಧಾರಾವಾಹಿಯ ಅಡುಗೆಮನೆ

2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲೇ, 1998ರಲ್ಲಿ, ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಕನ್ನಡಿಗರಿಗೆ ದಿನವೂ ಧಾರಾವಾಹಿ ನೋಡುವ ಅಭ್ಯಾಸ ಹಿಡಿಸಿತ್ತು. ಹೊಸ ಶತಮಾನದಲ್ಲಿ ಆ ಅಭ್ಯಾಸ ಪ್ರವಾಹವಾಯಿತು. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ 'ಮೂಡಲ ಮನೆ', ಸೀತಾರಾಂ ಅವರ 'ಮುಕ್ತ' ಆ ಕಾಲದಲ್ಲಿ ಮನೆಮಾತಾದ ಧಾರಾವಾಹಿಗಳು. ಎರಡರಲ್ಲೂ ಅಪರ್ಣಾ ನಟಿಸಿದರು.

ಹೊರಗಿನಿಂದ ನೋಡುವವರಿಗೆ ಧಾರಾವಾಹಿಯ ನಟನೆ ಸುಲಭ. ಸೀರೆ ಉಟ್ಟು, ಸೋಫಾದ ಮೇಲೆ ಕೂತು ಮಾತಾಡಿದರೆ ಆಯಿತು ಎಂಬ ಭಾವನೆ. ಒಳಗಿನ ಲೆಕ್ಕವೇ ಬೇರೆ. ದಿನಕ್ಕೆ ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತು ಎಂದರೆ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ಕಂತು. ಒಂದು ತಿಂಗಳ ಧಾರಾವಾಹಿಯನ್ನು ಜೋಡಿಸಿದರೆ ಮೂರು ಸಿನಿಮಾಗಳಷ್ಟು ಉದ್ದವಾಗುತ್ತದೆ! ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ನಿಮಿಷದ ದೃಶ್ಯ ತೆಗೆದರೆ ಕೆಲಸ ನಡೆದ ಹಾಗೆ. ಇಲ್ಲಿ ಒಂದು ದಿನಕ್ಕೆ ಒಂದು ಕಂತಿನಷ್ಟಾದರೂ ಸರಕು ಬೇಕು. ಸಂಭಾಷಣೆಯ ಹಾಳೆ ಅನೇಕ ವೇಳೆ ಕೈಗೆ ಬರುವುದು ಅದೇ ಬೆಳಿಗ್ಗೆ. ಬಣ್ಣ ಹಚ್ಚಿಸಿಕೊಳ್ಳುತ್ತಲೇ ಅದನ್ನು ಬಾಯಿಗೆ ತಂದುಕೊಳ್ಳಬೇಕು.

ಇಂಥ ವೇಗದಲ್ಲಿ ನಟಿಯನ್ನು ಕಾಪಾಡುವುದು ಎರಡೇ. ಒಂದು ನೆನಪು, ಇನ್ನೊಂದು ನುಡಿ. ಧಾರಾವಾಹಿ ಎಂಬುದು ಮೂಲತಃ ಮಾತಿನ ಕಲೆ. ಅಡುಗೆ ಮಾಡುತ್ತಾ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಕಿವಿಯಿಂದಲೇ ಧಾರಾವಾಹಿ 'ನೋಡುವ' ಗೃಹಿಣಿಯರು ಎಷ್ಟಿಲ್ಲ! ಅವರನ್ನು ಒಗ್ಗರಣೆಯ ಸದ್ದಿನ ನಡುವೆಯೂ ಹಿಡಿದು ನಿಲ್ಲಿಸುವುದು ಪಾತ್ರದ ದನಿ. ವರ್ಷಗಟ್ಟಲೆ ಮೈಕಿನ ಮುಂದೆ ನಿಂತು ಪಳಗಿದ್ದ ಅಪರ್ಣಾ ಅವರಿಗೆ ಇಲ್ಲಿ ಆ ಸಾಮು ಒದಗಿಬಂತು.

ಆಮೇಲೆ ಬಂದ ತಿರುವು ಯಾರೂ ಎಣಿಸದ್ದು. 2013ರಲ್ಲಿ ನಡೆದ ಕನ್ನಡದ ಮೊದಲ 'ಬಿಗ್ ಬಾಸ್'ನಲ್ಲಿ ಅವರು ಸ್ಪರ್ಧಿಯಾದರು. 2015ರಲ್ಲಿ ಆರಂಭವಾದ, ಸೃಜನ್ ಲೋಕೇಶ್ ನಡೆಸಿದ 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿ ಎಂಬ ನಗೆಪಾತ್ರ ಅವರದಾಯಿತು. ಗಂಭೀರ ಸಭೆಗಳ ನಿರೂಪಕಿ ಎಂದು ಎರಡು ದಶಕ ಕರೆಸಿಕೊಂಡವರು, ಐವತ್ತರ ಹೊಸ್ತಿಲಲ್ಲಿ ನಗಿಸಲು ನಿಂತರು. ಹೊಸ ತಲೆಮಾರಿನ ಮಕ್ಕಳು ಅವರನ್ನು ಗುರುತಿಸಿದ್ದೇ ಆ ಪಾತ್ರದಿಂದ. ಇಲ್ಲಿಯೂ ಬಳಕೆಗೆ ಬಂದದ್ದು ದನಿಯೇ. ಯಾವ ಪದವನ್ನು ಎಷ್ಟು ಎಳೆದರೆ ನಗು ಬರುತ್ತದೆ, ಎಲ್ಲಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ ಎಂಬ ಅಂದಾಜು, ಮಾತಿನ ಮೇಲೆ ಹಿಡಿತವಿರುವವರಿಗೆ ಮಾತ್ರ ಸಾಧ್ಯ. ಶುದ್ಧವಾಗಿ ಮಾತಾಡಬಲ್ಲವರೇ ಮಾತನ್ನು ಬೇಕೆಂದೇ ಕೆಡಿಸಿ ನಗಿಸಬಲ್ಲರು.

ನಿಲ್ದಾಣದ ಹೆಸರು ಹೇಳುವುದೂ ಒಂದು ಕಲೆ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಮೆಟ್ರೊ ಓಡಿದಾಗ ಇದ್ದದ್ದು ಆರು ನಿಲ್ದಾಣ. ಇಂದು ನೇರಳೆ ಮಾರ್ಗವೊಂದರಲ್ಲೇ 37 ನಿಲ್ದಾಣಗಳಿವೆ. ಸಾಮಾನ್ಯವಾಗಿ ಇಂಥ ಪ್ರಕಟಣೆಗಳನ್ನು ಉದ್ದಕ್ಕೆ ಓದಿ ಮುದ್ರಿಸುವುದಿಲ್ಲ. ಪದೇ ಪದೇ ಬರುವ ವಾಕ್ಯಗಳನ್ನು ಬೇರೆಯಾಗಿ, ನಿಲ್ದಾಣದ ಹೆಸರುಗಳನ್ನು ಬೇರೆಯಾಗಿ ಧ್ವನಿಮುದ್ರಿಸಿಕೊಂಡು, ಬೇಕಾದಂತೆ ಕಂಪ್ಯೂಟರ್ ಮೂಲಕ ಜೋಡಿಸುತ್ತಾರೆ. ಆದ್ದರಿಂದ ಇಂದು ಹೇಳಿದ ಹೆಸರಿಗೂ ವರ್ಷಗಳ ನಂತರ ಹೇಳುವ ಹೆಸರಿಗೂ ಶ್ರುತಿ, ವೇಗ, ಒತ್ತು ಒಂದೇ ಇರಬೇಕು. ಇಲ್ಲದಿದ್ದರೆ ಹರಿದ ಬಟ್ಟೆಗೆ ಬೇರೆ ಬಣ್ಣದ ತೇಪೆ ಹಾಕಿದ ಹಾಗೆ ಕೇಳಿಸುತ್ತದೆ.

ಇನ್ನೊಂದು ಕಷ್ಟವಿದೆ. ನಾಟಕದ ಮಾತಿನಲ್ಲಿ ಭಾವ ತುಂಬಬೇಕು. ಪ್ರಕಟಣೆಯಲ್ಲಿ ಭಾವ ಹೆಚ್ಚಾಗಕೂಡದು. ಹಾಗೆಂದು ಯಂತ್ರದಂತೆಯೂ ಆಗಕೂಡದು. ದಿನಕ್ಕೆ ಎರಡು ಬಾರಿಯಂತೆ ವರ್ಷವಿಡೀ ಕೇಳುವ ಪ್ರಯಾಣಿಕನಿಗೆ ಅತಿಯಾದ ಸವಿ ಒಂದು ವಾರಕ್ಕೇ ಬೇಸರ ತರುತ್ತದೆ. ಮೊದಲ ಸಲ ನಗರಕ್ಕೆ ಬಂದ ಅಜ್ಜಿಗೆ ಮಾತ್ರ ಅದು ಸ್ಪಷ್ಟವಾಗಿ ಕೇಳಿಸಬೇಕು, ಭರವಸೆ ಕೊಡಬೇಕು. ಈ ಇಬ್ಬರಿಗೂ ಸಲ್ಲುವ ದನಿ ಹದವಾದ ದನಿ. ಗಾಡಿಯ ಸದ್ದು, ಮೊಬೈಲುಗಳ ಸದ್ದು, ಜನರ ಮಾತು ಎಲ್ಲದರ ನಡುವೆಯೂ ಕೇಳಿಸಬೇಕಾದರೆ ಜೋರು ಸಾಲದು. ಅಕ್ಷರಗಳ ಅಂಚು ಚೂಪಾಗಿರಬೇಕು.

ಕನ್ನಡದಲ್ಲಿ ಆ ಅಂಚು ಎಲ್ಲಿದೆ? ಲ ಮತ್ತು ಳದ ನಡುವೆ, ನ ಮತ್ತು ಣದ ನಡುವೆ, ಅ ಮತ್ತು ಹದ ನಡುವೆ, ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ. 'ಹಳ್ಳಿ' ಎಂಬುದು 'ಅಲ್ಲಿ' ಆದರೆ ಊರೇ ಕಾಣೆಯಾದ ಹಾಗೆ! 'ಪಾಳ್ಯ' 'ಪಾಲ್ಯ'ವಾದರೆ ಅರ್ಥ ಹೋಗುತ್ತದೆ. ಮಹದೇವಪುರದ ಸುತ್ತಮುತ್ತ ಬೆಳೆಯುವ ಇಂದಿನ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಇನ್ನೊಂದು ಭಾಷೆ ಆಡಿ, ಆಟದ ಮೈದಾನದಲ್ಲಿ ಮತ್ತೊಂದು ಭಾಷೆ ಕಲಿತು, ತಮ್ಮ ಊರಿನ ಹೆಸರನ್ನೇ ಇಂಗ್ಲಿಷ್ ಅಕ್ಷರಗಳ ಮೂಲಕ ಉಚ್ಚರಿಸುವ ಸ್ಥಿತಿಯಿದೆ. ಅವರನ್ನು ಬೈದು ಪ್ರಯೋಜನವಿಲ್ಲ. ಸರಿಯಾದ ಉಚ್ಚಾರ ಕಿವಿಗೆ ಬೀಳದೆ ಬಾಯಿಗೆ ಬರುವುದಿಲ್ಲ. ಮೆಟ್ರೊದೊಳಗಿನ ಆ ದನಿ ಪಾಠವೆಂದು ಹೇಳಿಕೊಳ್ಳದೆಯೇ ಪಾಠ ಮಾಡುತ್ತಿತ್ತು.

ಹಾಡುವ ನಟಿಯರು

ದನಿಯನ್ನೇ ನೆಚ್ಚಿ ನಡೆದವರು ಅಪರ್ಣಾ ಒಬ್ಬರೇ ಅಲ್ಲ. ಅವರದು ಮಾತಿನ ದನಿಯಾದರೆ, ಮಾತಿನ ಜೊತೆಗೆ ಹಾಡನ್ನೂ ದುಡಿಸಿಕೊಂಡ ನಟಿಯರು ಕನ್ನಡದಲ್ಲಿದ್ದಾರೆ. ಅವರಲ್ಲಿ ಹಿರಿಯರು 1950ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಜಯಶ್ರೀ. ಗುಬ್ಬಿ ವೀರಣ್ಣನವರ ಮೊಮ್ಮಗಳು. ನಾಟಕ ಕಂಪನಿಯ ವಾತಾವರಣದಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1973ರಲ್ಲಿ ಪದವಿ ಪಡೆದು, 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. ಹಾಡುತ್ತಲೇ ನಟಿಸುವ ಕಂಪನಿ ನಾಟಕದ ಪದ್ಧತಿ ಅವರ ಕೈಯಲ್ಲಿ ಹೊಸ ರಂಗಭೂಮಿಗೂ ಬಂತು. ಮಾಧವಿ, ಗಾಯತ್ರಿ, ಜಯಪ್ರದಾ ಮೊದಲಾದ ತಾರೆಯರು ತೆರೆಯ ಮೇಲೆ ಕನ್ನಡ ಮಾತಾಡಿದಾಗ ಅನೇಕ ವೇಳೆ ಕೇಳಿಸಿದ್ದು ಜಯಶ್ರೀಯವರ ಕಂಠ. 2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರಕ್ಕೆ ಅವರು ಹಾಡಿದ ಹಾಡು ಕಾಲೇಜು ಹುಡುಗರ ಬಾಯಲ್ಲಿ ಕುಣಿಯಿತು. ಆಗ ಅವರಿಗೆ ಐವತ್ತು ದಾಟಿತ್ತು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ ಅವರಿಗೆ ಸಂದವು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಇನ್ನೊಬ್ಬರು ಎಂ.ಡಿ. ಪಲ್ಲವಿ. ಭಾವಗೀತೆಗಳ ಗಾಯಕಿ ಎಂದು ಹೆಸರಾದ ಅವರನ್ನು ಕಿರುತೆರೆಯ ಪ್ರೇಕ್ಷಕರು 'ಮಾಯಾಮೃಗ'ದಲ್ಲಿ ನಟಿಯಾಗಿ ಕಂಡರು. 2007ರ 'ದುನಿಯಾ' ಚಿತ್ರದ ಹಾಡಿಗೆ ರಾಜ್ಯ ಸರ್ಕಾರದ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಪಡೆದರು. ಮರುವರ್ಷವೇ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರದಲ್ಲಿ ಉಮಾಶ್ರೀಯವರ ಜೊತೆ ಮೀನುಗಾರರ ಹಳ್ಳಿಯ ನೇತ್ರುವಾಗಿ ನಟಿಸಿದರು. ಅವರು ಹಿಂದೂಸ್ತಾನಿ ಸಂಗೀತದ ಶಿಸ್ತಿನಲ್ಲಿ ಪಳಗಿದವರು.

ಈ ಮೂವರ ದಾರಿಗಳೂ ಬೇರೆ. ಆದರೆ ಒಂದು ಮಾತು ಸಮಾನ. ಮುಖವನ್ನು ನೆಚ್ಚಿದ ವೃತ್ತಿಗೆ ವಯಸ್ಸು ಶತ್ರು. ಇಪ್ಪತ್ತರ ನಾಯಕಿ ನಲವತ್ತಕ್ಕೆ ನಾಯಕನ ತಾಯಿಯಾಗುವುದು ನಮ್ಮ ತೆರೆಯ ಹಳೆಯ ಅನ್ಯಾಯ. ಕಲಿತು ಪಳಗಿಸಿದ ದನಿಗೆ ಆ ಭಯ ಕಡಿಮೆ. ಐವತ್ತಕ್ಕೆ ಜಯಶ್ರೀಯವರ ಹಾಡು ಗೆದ್ದಿತು. ಐವತ್ತರ ಹತ್ತಿರ ಅಪರ್ಣಾ ನಗೆಯಲ್ಲಿ ಗೆದ್ದರು.

ತಂದೆತಾಯಿಗಳು ತಿಳಿದಿರಬೇಕಾದದ್ದು

ಮಗುವಿಗೆ ನಟನೆಯ, ಹಾಡಿನ ಒಲವಿದ್ದರೆ ಏನು ಮಾಡಬೇಕು? 'ಓದು ಮುಗಿಸು, ಆಮೇಲೆ ನೋಡೋಣ' ಎಂಬುದು ಬಹುತೇಕ ಮನೆಗಳ ಉತ್ತರ. 'ನಾಳೆಯೇ ಟಿವಿಯಲ್ಲಿ ಬರಲಿ' ಎಂಬ ಆತುರ ಇನ್ನು ಕೆಲವು ಮನೆಗಳದು. ಎರಡರಲ್ಲೂ ತೊಂದರೆಯಿದೆ. ಮೊದಲನೆಯದರಲ್ಲಿ ಕಲಿಕೆಯ ವಯಸ್ಸು ಕಳೆದುಹೋಗುತ್ತದೆ. ಎರಡನೆಯದರಲ್ಲಿ ಕಲಿಯುವ ಮೊದಲೇ ಪ್ರದರ್ಶನ ಶುರುವಾಗುತ್ತದೆ.

ಆತುರದ ತಂದೆತಾಯಿಗಳು ಕಾನೂನನ್ನೂ ತಿಳಿದಿರಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ 14 ವರ್ಷದೊಳಗಿನ ಮಗು ಕಲಾವಿದನಾಗಿ ದುಡಿಯಬಹುದು. ಆದರೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚಿಲ್ಲ. ಸತತ 27 ದಿನಗಳಿಗಿಂತ ಹೆಚ್ಚು ದುಡಿಸಕೂಡದು. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆದಿರಬೇಕು. ಮಗುವಿನ ಸಂಪಾದನೆಯ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ಶಾಲೆಯ ಓದು ನಿಲ್ಲದಂತೆ ನೋಡಿಕೊಳ್ಳಬೇಕು. ಚಿತ್ರೀಕರಣಕ್ಕೆ ಮಗುವನ್ನು ಕರೆದೊಯ್ಯುವ ಮುನ್ನ ಈ ಪ್ರಶ್ನೆಗಳನ್ನು ಕೇಳುವುದರಲ್ಲಿ ಸಂಕೋಚ ಬೇಡ. ಕೇಳಿದ್ದಕ್ಕೆ ಅವಕಾಶವೇ ತಪ್ಪುವುದಾದರೆ, ತಪ್ಪಿದ್ದೇ ಒಳ್ಳೆಯದಾಯಿತು ಎಂದುಕೊಳ್ಳಬೇಕು.

ಇನ್ನು ಕಲಿಕೆಯ ದಾರಿಗಳು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಂ ಸಂಸ್ಥೆಯ ರಂಗಶಿಕ್ಷಣ ಕೇಂದ್ರ 1980ರಿಂದ ತರಬೇತಿ ಕೊಡುತ್ತಿದೆ. ಅಲ್ಲಿ ಹಳ್ಳಿಯ ಹುಡುಗರೂ ಬಂದು ಒಂದು ವರ್ಷ ಇದ್ದು ಕಲಿಯುತ್ತಾರೆ. ಬೆಂಗಳೂರಿನ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ. ಮೈಸೂರಿನ ರಂಗಾಯಣದಲ್ಲೂ ರಂಗಶಿಕ್ಷಣವುಂಟು. ದನಿಯ ಕೆಲಸಕ್ಕೆ ಆಕಾಶವಾಣಿಯ ಧ್ವನಿಪರೀಕ್ಷೆ ಹಳೆಯ, ಗಟ್ಟಿಯಾದ ಮೆಟ್ಟಿಲು. ಹೆಸರು, ಮುಖ, ಶಿಫಾರಸು ಯಾವುದೂ ಮೈಕಿನಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಕೇಳಿಸುವುದು ಉಚ್ಚಾರ ಮಾತ್ರ.

ಈ ವೃತ್ತಿಯಲ್ಲಿ ತಿಂಗಳ ಸಂಬಳವಿಲ್ಲ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಧಾರಾವಾಹಿ ಮುಗಿದರೆ ಸಂಪಾದನೆ ಮುಗಿಯಿತು. ಪಾತ್ರವನ್ನು ಕಥೆಯಲ್ಲಿ ವಿದೇಶಕ್ಕೆ ಕಳಿಸಿದರೂ ಮುಗಿಯಿತು! ಅಪರ್ಣಾ ಅವರ ದಾರಿಯಿಂದ ಕಲಿಯಬೇಕಾದದ್ದು ಇದನ್ನೇ. ಸಿನಿಮಾ, ರೇಡಿಯೊ, ದೂರದರ್ಶನ, ಧಾರಾವಾಹಿ, ವೇದಿಕೆ, ನಗೆ, ಪ್ರಕಟಣೆ ಹೀಗೆ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ತಟ್ಟಲು ಅವರಿಗೆ ಸಾಧ್ಯವಾದದ್ದು ಎಲ್ಲ ಬಾಗಿಲಿಗೂ ಹೊಂದುವ ಒಂದು ಕೀಲಿ ಕೈಯಲ್ಲಿದ್ದುದರಿಂದ. ಆ ಕೀಲಿ ಕನ್ನಡ. 'ಕನ್ನಡ ಓದಿದರೆ ಹೊಟ್ಟೆ ತುಂಬುತ್ತದೆಯೇ?' ಎಂದು ಕೇಳುವವರಿಗೆ ಮೂರೂವರೆ ದಶಕಕ್ಕೂ ಮೀರಿದ ಈ ದುಡಿಮೆ ಒಂದು ಉತ್ತರ.

ಸದ್ದಿಲ್ಲದ ಎರಡು ವರ್ಷ

ಅಪರ್ಣಾ ಅವರ ಹೆಸರಿನ ಜೊತೆಯ 'ವಸ್ತಾರೆ' ಪತಿ ನಾಗರಾಜ ವಸ್ತಾರೆಯವರದು. ವೃತ್ತಿಯಿಂದ ವಾಸ್ತುಶಿಲ್ಪಿಯಾದ ನಾಗರಾಜ ಕನ್ನಡದ ಕವಿ, ಕಥೆಗಾರರೂ ಹೌದು. ಪತ್ನಿ ತೀರಿಕೊಂಡಾಗ ಅವರು ಹೇಳಿದ ಸಂಗತಿ ಕೇಳಿ ಜನ ಬೆರಗಾದರು. ಅಪರ್ಣಾ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾದದ್ದು ಎರಡು ವರ್ಷಗಳ ಹಿಂದೆ, 2022ರ ಜುಲೈನಲ್ಲಿ. ಅಷ್ಟರಲ್ಲಾಗಲೇ ರೋಗ ನಾಲ್ಕನೇ ಹಂತ ತಲುಪಿತ್ತು. ವೈದ್ಯರು ಕೊಟ್ಟ ಗಡುವು ಆರು ತಿಂಗಳು. ಆರು ತಿಂಗಳನ್ನು ಎರಡು ವರ್ಷ ಮಾಡಿಕೊಂಡು ಅವರು ಹೋರಾಡಿದರು. ಈ ಅವಧಿಯಲ್ಲಿ ಅವರ ನೋವು ಸಾರ್ವಜನಿಕ ಸುದ್ದಿಯಾಗಲಿಲ್ಲ.

ಶ್ವಾಸಕೋಶವೆಂದರೆ ಮಾತುಗಾರರ ತಿದಿ. ಉಸಿರನ್ನು ಅಳೆದು ಖರ್ಚು ಮಾಡುವುದೇ ಯಾರ ಕಸುಬೋ ಅವರ ಉಸಿರಿಗೇ ರೋಗ ತಗುಲಿದ್ದು ವಿಧಿಯ ಕ್ರೌರ್ಯ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಈ ರೋಗ ಬೀಡಿ ಸಿಗರೇಟು ಸೇದದವರಿಗೂ ಬರುವುದುಂಟು. ಎರಡು ಮೂರು ವಾರ ಕಳೆದರೂ ಬಿಡದ ಕೆಮ್ಮು, ಕೆಮ್ಮಿದಾಗ ರಕ್ತ, ಕಾರಣವಿಲ್ಲದ ಏದುಸಿರು, ಕಡಿಮೆಯಾಗದ ಗಂಟಲು ಕಟ್ಟುವಿಕೆ ಇವುಗಳನ್ನು ಹವಾಮಾನದ ಮೇಲೆ ಹೊರಿಸಿ ಕೂರದೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಮನೆಯ ಹೆಂಗಸರು ತಮ್ಮ ಕೆಮ್ಮನ್ನು ಕೊನೆಗೆ ಎಣಿಸುವ ನಮ್ಮ ಸಮಾಜದಲ್ಲಿ ಈ ಮಾತು ಮತ್ತೆ ಮತ್ತೆ ಹೇಳತಕ್ಕದ್ದು.

ವಿದ್ಯಾರ್ಥಿಗಳಿಗೆ ಅಪರ್ಣಾ ಬಿಟ್ಟುಹೋದದ್ದು ಪ್ರಶಸ್ತಿಗಳ ಪಟ್ಟಿಯನ್ನಲ್ಲ, ಒಂದು ಅಳತೆಗೋಲನ್ನು. ಕನ್ನಡವನ್ನು ಹೀಗೂ ಮಾತಾಡಬಹುದು ಎಂಬ ಅಳತೆಗೋಲು. ಅದನ್ನು ಬಳಸಲು ಹಣ ಬೇಕಿಲ್ಲ, ಅಕಾಡೆಮಿಯ ಸೀಟು ಬೇಕಿಲ್ಲ. ಕನ್ನಡ ಪಠ್ಯಪುಸ್ತಕದ ಒಂದು ಪುಟವನ್ನು ದಿನವೂ ಗಟ್ಟಿಯಾಗಿ, ಯಾವ ಅಕ್ಷರವನ್ನೂ ನುಂಗದೆ ಓದಿ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಎದುರಿಗೆ ಕೂರಿಸಿಕೊಳ್ಳಿ. ಕನ್ನಡ ಮನೆಮಾತಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಮೊದಲ ವಾರ ಅವರು ಹತ್ತು ಕಡೆ ತಿದ್ದುತ್ತಾರೆ. ತಿಂಗಳು ಕಳೆಯುವ ಹೊತ್ತಿಗೆ ತಿದ್ದುವುದನ್ನು ಮರೆತು ಕಥೆ ಕೇಳುತ್ತಾ ಕೂರುತ್ತಾರೆ. ಅಂದು ನಿಮ್ಮ ದನಿಯ ಮೊದಲ ಪರೀಕ್ಷೆ ಪಾಸಾದಂತೆ.